ಪದ ಬೇಕು: ಭಾರ ಬಿದ್ದರೆ ಕಚ್ಚುವ, ಭಾರ ತೆಗೆದರೆ ಜಾರುವ ಗಂಟಿಗೆ

ಅನುವಾದಕಿ:
ಕಾಫಿ ತೋಟದಲ್ಲಿ ಮರಗಸಿ (ನೆರಳು ಮರಗಳ ಕೊಂಬೆ ಸವರುವ ಕೆಲಸ) ಮಾಡುವವರಿಗೆ ನಾಲ್ಕು ಪುಟದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹಗ್ಗದಲ್ಲಿ ಹತ್ತುವ ಸಲಕರಣೆಗಳಲ್ಲಿ ಮನೆಯಲ್ಲೇ ಮಾಡಿಕೊಳ್ಳಬಹುದಾದವುಗಳ ವಿವರ ಅದರಲ್ಲಿದೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು, ಎರಡು ಪದ ಸಿಕ್ಕಿಲ್ಲ.
ಒಂದು, ಫ್ರಿಕ್ಷನ್ ಹಿಚ್. ದಪ್ಪ ಹಗ್ಗದ ಮೇಲೆ ಸಣ್ಣ ಹಗ್ಗದ ಕುಣಿಕೆಯನ್ನು ಮೂರು ಸಲ ಸುತ್ತಿ, ಅದರೊಳಗಿಂದಲೇ ಎಳೆದುಕೊಳ್ಳುವ ಗಂಟು. ತೂಗಿದರೆ ಕಚ್ಚುತ್ತದೆ, ಭಾರ ತೆಗೆದು ಕೈಯಲ್ಲಿ ನೂಕಿದರೆ ಮೇಲಕ್ಕೆ ಸರಿಯುತ್ತದೆ.
ಎರಡು, ಫುಟ್ ಲೂಪ್.
ಸದ್ಯಕ್ಕೆ ‘ಜೀರುಗುಣಿಕೆ’, ‘ತಳೆ’ ಎಂದು ಹಾಕಿದ್ದೇನೆ. ನಡೆಯುತ್ತದೆಯೇ?

ತೋಟಿಗ:
ಜೀರುಗುಣಿಕೆ ಖಂಡಿತ ಬೇಡ ಮೇಡಂ. ಅದು ಎಳೆದಷ್ಟೂ ಬಿಗಿಯುವ ಉರುಳು. ಓದಿದವನು ಅದನ್ನೇ ಹಾಕಿ ಸೊಂಟಕ್ಕೆ ಕಟ್ಟಿಕೊಂಡರೆ ಮುಗಿಯಿತು.
ತಳೆಯೂ ತಪ್ಪು. ಅಡಿಕೆ ಮರ ಹತ್ತುವವನ ಎರಡು ಪಾದಗಳನ್ನೂ ಸೇರಿಸಿ ಮರಕ್ಕೆ ಅದುಮುವ ಬಳೆ ತಳೆ. ಫುಟ್ ಲೂಪ್ ಹಗ್ಗದಿಂದ ತೂಗಾಡುತ್ತದೆ, ಒಂದು ಪಾದ ಊರಿ ಏಳುವುದಕ್ಕೆ. ‘ಕಾಲ್ಕುಣಿಕೆ’ ಎನ್ನಿ.

ನಿಘಂಟುಪ್ರಿಯ:
‘ತಳೆ’ಯನ್ನು ಅಷ್ಟು ಸುಲಭವಾಗಿ ಬಿಡಬೇಡಿ. ತಮಿಳಿನಲ್ಲಿ ತಳೈ ಎಂದರೆ ಕಟ್ಟು, ಸಂಕೋಲೆ. ಛಂದಸ್ಸಿನಲ್ಲಿ ಗಣಕ್ಕೂ ಗಣಕ್ಕೂ ಇರುವ ಬೆಸುಗೆಗೂ ಅವರು ಅದನ್ನೇ ಹೇಳುತ್ತಾರೆ. ಮಲಯಾಳದಲ್ಲಿ ತೆಂಗು ಹತ್ತುವವನ ಕಾಲಿನ ಬಳೆ ತಳಪ್ಪ್. ‘ತಳ’ದಲ್ಲಿರುವುದರಿಂದ ತಳೆ ಎಂಬ ವಿವರಣೆ ಹಳ್ಳಿ ವ್ಯುತ್ಪತ್ತಿ. ಮೂಲಾರ್ಥ ಬಂಧನ. ಹಾಗಾಗಿ ಫ್ರಿಕ್ಷನ್ ಹಿಚ್ಚಿಗೇ ‘ತಳೆಗಂಟು’ ಎನ್ನಬಹುದು.

ತೋಟಿಗ:
ಎನ್ನಬಹುದು. ಯಾರಿಗೂ ಅರ್ಥವಾಗುವುದಿಲ್ಲ ಅಷ್ಟೇ.

ವಿದ್ವಾನ್:
ಘರ್ಷಣಗ್ರಂಥಿ. ಇಷ್ಟಕ್ಕೆ ಇಷ್ಟು ಚರ್ಚೆಯೇ?

ಬೇರುಗನ್ನಡ:
ಗ್ರಂಥಿ ಎಂದರೆ ಜನ ಥೈರಾಯ್ಡ್ ಡಾಕ್ಟರ ಹತ್ತಿರ ಹೋಗುತ್ತಾರೆ ಸ್ವಾಮಿ. ಮಹಾಪ್ರಾಣವಿಲ್ಲದೆ ಬರೆಯಲು ಬರುವ ಪದವೇ ಬೇಕು. ನನ್ನ ಸಲಹೆ ‘ಉಡಗಂಟು’. ಉಡದ ಹಿಡಿತ ಎಲ್ಲರಿಗೂ ಗೊತ್ತು.

ತೋಟಿಗ:
ಉಡ ಹಿಡಿದರೆ ಬಿಡುವುದಿಲ್ಲ. ಈ ಗಂಟು ಬಿಡಬೇಕು, ಅದೇ ಇದರ ಗುಣ. ಬಿಡದೆ ಹೋದರೆ ಹತ್ತಿದವನು ಅಲ್ಲೇ ತೂಗಾಡುತ್ತಾನೆ.
ಪದ ಯಾವುದಾದರೂ ಆಗಲಿ, ಪಕ್ಕದಲ್ಲಿ ಈ ವಿವರ ಇರಲಿ. ಏರುವ ಹಗ್ಗ 12 ಮಿ.ಮೀ. ಇದ್ದರೆ ಕುಣಿಕೆಯ ಹಗ್ಗ 8 ಮಿ.ಮೀ. ಎರಡೂ ಒಂದೇ ದಪ್ಪವಾದರೆ ಕಚ್ಚುವುದಿಲ್ಲ, ತೀರಾ ಸಣ್ಣದಾದರೆ ಕಚ್ಚಿದ್ದು ಸಡಿಲವಾಗುವುದಿಲ್ಲ. ಒಂದೂವರೆ ಮೀಟರ್ ತುಂಡಿನ ಎರಡು ತುದಿಗಳನ್ನು ಡಬಲ್ ಫಿಶರ್‌ಮನ್ ಗಂಟಿನಿಂದ ಕೂಡಿಸಿ, ಗಂಟಿನಾಚೆ ಕನಿಷ್ಠ 8 ಸೆಂ.ಮೀ. ಬಾಲ ಬಿಡಬೇಕು. ಸುತ್ತುಗಳು ಒಂದರ ಪಕ್ಕ ಒಂದು ಕೂರಬೇಕು. ಒಂದರ ಮೇಲೊಂದು ಹತ್ತಿದರೆ ಜಾರುತ್ತದೆ. ಹಗ್ಗ ಒದ್ದೆಯಾಗಿದ್ದರೆ ಅಥವಾ ಹೊಸದಾಗಿ ನುಣ್ಣಗಿದ್ದರೆ ಇನ್ನೊಂದು ಸುತ್ತು ಹೆಚ್ಚು. ನೆಲದಿಂದ ಒಂದಡಿ ಮೇಲೆ ಪೂರ್ತಿ ಭಾರ ಬಿಟ್ಟು ನೋಡದೆ ಯಾರೂ ಹತ್ತಬಾರದು.
ಅಂಗಡಿಯ ನೀಲಿ, ಹಳದಿ ಪ್ಲಾಸ್ಟಿಕ್ ಹಗ್ಗ ಬೇಡವೆಂದು ದಪ್ಪಕ್ಷರದಲ್ಲಿ ಹಾಕಿ. ಅದು ಹೆಚ್ಚಾಗಿ ಪಾಲಿಪ್ರೊಪಿಲೀನ್, ಸುಮಾರು 160 ಡಿಗ್ರಿಗೇ ಕರಗುತ್ತದೆ. ಭರ್ರನೆ ಇಳಿದರೆ ಉಜ್ಜುವ ಬಿಸಿಗೆ ಗಂಟಿನೊಳಗೇ ಮೆತ್ತಗಾಗುತ್ತದೆ. ಪಾಲಿಯೆಸ್ಟರ್ ಕರಗಲು 250 ದಾಟಬೇಕು.

ಬೇರುಗನ್ನಡ:
ಸರಿ, ಬಿಡುವ ಗುಣ ಬೇಕೆಂದರೆ ‘ಕಚ್ಚುಗಂಟು’. ಆದರೆ ‘ಹಗ್ಗ’ವನ್ನೇಕೆ ಎಲ್ಲರೂ ಕಣ್ಣು ಮುಚ್ಚಿ ಬರೆಯುತ್ತಿದ್ದೀರಿ? ಪ್ರಗ್ರಹ, ಪಗ್ಗ, ಹಗ್ಗ. ತದ್ಭವದ ಪಟ್ಟಿ ಬಾಯಿಪಾಠ ಮಾಡಿದವರೇ ಅಲ್ಲವೇ ಎಲ್ಲರೂ? ಅಚ್ಚಗನ್ನಡದಲ್ಲಿ ‘ನೇಣು’ ಇದೆ.

ತೋಟಿಗ:
ಕೈಪಿಡಿಯಲ್ಲಿ ‘ಮರ ಹತ್ತುವ ಮೊದಲು ನೇಣನ್ನು ಸರಿಯಾಗಿ ಪರೀಕ್ಷಿಸಿ’ ಎಂದು ಬರೆಯೋಣವೇ?

ನಿಘಂಟುಪ್ರಿಯ:
ಅರ್ಥ ಕುಗ್ಗಿರುವುದು ಈಚೆಗೆ. ಹಳಗನ್ನಡದ ನೇಣ್ ಬರೀ ಹಗ್ಗ. ಇನ್ನು ಬೇರುಗನ್ನಡದವರ ‘ಗಂಟು’ ಕೂಡ ಗ್ರಂಥಿಯಿಂದ ಬಂದದ್ದೆಂದು ಒಂದು ಪಕ್ಷವಿದೆ. ಹಾಗೆ ನೋಡಿದರೆ ವಿದ್ವಾನರ ಸಮಾಸದ ಅರ್ಧ ಭಾಗವನ್ನು ಅವರೇ ಒಪ್ಪಿದಂತಾಯಿತು.

ಬೇರುಗನ್ನಡ:
ಗಂಟು ನಮ್ಮದೇ. ಆ ಪಕ್ಷ ನಿಮ್ಮಲ್ಲೇ ಇರಲಿ.

ವಿದ್ವಾನ್:
ಬಸ್ಸು, ಪೆನ್ನು, ಹಾರ್ನೆಸ್ಸು ಎಲ್ಲ ಬರಬಹುದು, ಸಾವಿರ ವರ್ಷ ಮನೆಯಲ್ಲಿದ್ದ ಸಂಸ್ಕೃತ ಮಾತ್ರ ಪರಕೀಯ. ವಿಚಿತ್ರ.

ಅನುವಾದಕಿ:
ಎಲ್ಲರಿಗೂ ವಂದನೆ. ‘ಕಚ್ಚುಗಂಟು’ ಹಾಕುತ್ತೇನೆ. ಮೂಲದಲ್ಲಿ ಪ್ರೂಸಿಕ್ ಎಂದೂ ಇದೆ, ಬಿಡಲೇ?

ತೋಟಿಗ:
ಬಿಡಬೇಡಿ. ಕಚ್ಚುಗಂಟು ಜಾತಿ, ಪ್ರೂಸಿಕ್ ಅದರಲ್ಲೊಂದು. 1931ರಲ್ಲಿ ಅದನ್ನು ಬಳಕೆಗೆ ತಂದ ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ ಹೆಸರು ಅದಕ್ಕಿದೆ. ಬ್ಲೇಕ್ ಎಂಬ ಇನ್ನೊಂದು ಕಚ್ಚುಗಂಟು ಬೇರೆ. ಹಗ್ಗದ ತುದಿಯಿಂದಲೇ ನಾಲ್ಕು ಸುತ್ತು ಮೇಲಕ್ಕೆ ಹಾಕಿ, ತುದಿಯನ್ನು ಕೆಳಗಿನ ಎರಡು ಸುತ್ತುಗಳೊಳಗಿಂದ ತೆಗೆಯುವುದು ಬ್ಲೇಕ್. ತುದಿಗೆ ತಡೆಗಂಟು ಕಡ್ಡಾಯ. ಕೊಂಬೆಯ ಮೇಲಿಂದ ಹಾಯಿಸಿದ ಎರಡೆಳೆ ಹಗ್ಗದಲ್ಲಿ ಗಂಟಿಗೆ ಬೀಳುವುದು ಹೆಚ್ಚುಕಡಿಮೆ ಅರ್ಧ ಭಾರ, ಆದ್ದರಿಂದ ಬ್ಲೇಕ್ ಅಲ್ಲಿ ತಾಳುತ್ತದೆ. ಒಂಟಿ ಹಗ್ಗದಲ್ಲಿ ಪೂರ್ತಿ ಭಾರ ಬಿದ್ದು ಬೇಗ ಸವೆದು ಗಾಜಿನಂತೆ ಹೊಳೆಯತೊಡಗುತ್ತದೆ. ಹೊಳಪು ಕಂಡರೆ ಆ ಭಾಗ ಕತ್ತರಿಸಿ ಎಸೆಯಬೇಕು.
ಸೊಂಟಪಟ್ಟಿಯಿಂದ ಮರಕ್ಕೆ ಬಳಸಿ ಕಟ್ಟುವ ಗಿಡ್ಡ ಹಗ್ಗ, ಅಂದರೆ ಲ್ಯಾನ್‌ಯಾರ್ಡಿಗೆ ‘ಸೊಂಟಗಣ್ಣಿ’ ಆದೀತು, ದನ ಕಟ್ಟುವ ಕಣ್ಣಿ ಎಲ್ಲರಿಗೂ ಗೊತ್ತು. ಹಗ್ಗ, ಪಟ್ಟಿಗಳನ್ನು ಜೋಡಿಸುವ ಲೋಹದ ಕ್ಯಾರಬೀನರ್ ‘ತಿರುಪುಕೊಂಡಿ’. ಇನ್ನು ‘ಮನೆಯಲ್ಲೇ ಮಾಡಿ’ ಎಂಬ ಶೀರ್ಷಿಕೆಯ ಕೆಳಗೆ ಕಾಲ್ಕುಣಿಕೆ, ಎಸೆಯುವ ಮರಳುಚೀಲ, ಕೊಂಬೆ ಉಜ್ಜದಂತೆ ಹಗ್ಗಕ್ಕೆ ತೊಡಿಸುವ ಪೈಪಿನ ತುಂಡು, ಇಷ್ಟೇ ಇರಲಿ. ಸೊಂಟಪಟ್ಟಿ, ಕೊಂಡಿ, ಏರುವ ಹಗ್ಗ ಮೂರನ್ನೂ ಭಾರದ ಮಿತಿ ಅಚ್ಚಾಗಿರುವುದನ್ನು ನೋಡಿಯೇ ಕೊಳ್ಳಬೇಕು.

ಅನುವಾದಕಿ:
ಆ ಮರಳುಚೀಲ ಕಟ್ಟಿ ಕೊಂಬೆಯ ಮೇಲೆ ಎಸೆಯುವ ಸಣ್ಣ ದಾರಕ್ಕೆ? ‘ಎಸೆಹುರಿ’?

ತೋಟಿಗ:
ಚೆನ್ನಾಗಿದೆ. ಚೀಲಕ್ಕೆ 350 ಗ್ರಾಂ ಮರಳು ಸಾಕು. ಹಗುರವಾದರೆ ಎಲೆಯಲ್ಲೇ ಸಿಕ್ಕಿಕೊಳ್ಳುತ್ತದೆ, ಕೆಳಗಿಳಿಯುವುದಿಲ್ಲ.

ವಿದ್ವಾನ್:
ಕ್ಷೇಪಣರಜ್ಜು.

ಬೇರುಗನ್ನಡ:
ಇದಕ್ಕೆ ಬೇರೆ ಚರ್ಚೆಯ ಎಳೆ ತೆರೆಯಿರಿ. ಇಲ್ಲಿ ನೇಣಿನ ವಿಚಾರ ಇನ್ನೂ ಬಾಕಿ ಇದೆ.