ಅಪ್‌ಡೇಟ್: ‘ದಿ ಸಾಲ್ಮನ್ ಆಫ್ ಡೌಟ್’ ಓದಿ ಮುಗಿಸಿದೆ

ಇಂಗ್ಲಿಷ್ ಹಾಸ್ಯ ಲೇಖಕ ಡಗ್ಲಸ್ ಆಡಮ್ಸ್ ತೀರಿಕೊಂಡ ಮೇಲೆ ಬಂದ ಈ ಪುಸ್ತಕವನ್ನು ಎಲ್ಲಿಂದ ಶುರು ಮಾಡಲಿ ಅಂತ ಹೋದ ವಾರ ಕೇಳಿದ್ದೆ ಅಲ್ವಾ?

ಮೊದಲ ಪುಟದಿಂದ ಸಾಲಾಗಿ ಓದಲು ನೋಡಿದೆ, ಆಗಲಿಲ್ಲ. ಲೇಖನ, ಸಂದರ್ಶನ, ಭಾಷಣ ಎಲ್ಲ ಬೆರೆತಿವೆ. ‘ಮೊದಲು ಡರ್ಕ್ ಜೆಂಟ್ಲಿಯ ಎರಡು ಕಾದಂಬರಿ ಓದಿ’ ಅಂದವರ ಸಲಹೆಯೇ ಸರಿಹೋಯಿತು. ಡರ್ಕ್ ಅಂದರೆ ಆಡಮ್ಸ್ ಸೃಷ್ಟಿಸಿದ ಪತ್ತೇದಾರ; 1987 ಮತ್ತು 1988ರ ಪುಸ್ತಕಗಳವು. ಅವನ್ನು ಮುಗಿಸಿ ಬಂದ ಮೇಲೆ, ಇದರ ಕೊನೆಯಲ್ಲಿರುವ, ಡರ್ಕ್‌ನದೇ ಇನ್ನೊಂದು ಅರ್ಧ ಕಾದಂಬರಿ ತುಂಬಾ ಹಿಡಿಸಿತು. ಆದರೆ ಕಥೆ ಥಟ್ಟನೆ ನಿಂತುಬಿಡುತ್ತದೆ. ಸಂಕಟವಾಯಿತು. 2001ರ ಮೇ ತಿಂಗಳಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಆಡಮ್ಸ್‌ಗೆ ಬರೀ 49 ವರ್ಷ.

ನನಗೆ ಗೊತ್ತೇ ಇಲ್ಲದ ಸಂಗತಿ ಒಂದಿತ್ತು. ಈ ಅರ್ಧ ಕಾದಂಬರಿ ಒಂದೇ ಹಸ್ತಪ್ರತಿ ಅಲ್ಲ. ಅವರ ಮ್ಯಾಕಿಂಟಾಷ್ ಕಂಪ್ಯೂಟರ್‌ಗಳಲ್ಲಿದ್ದ ಬೇರೆ ಬೇರೆ ಕರಡುಗಳನ್ನು ಸಂಪಾದಕ ಪೀಟರ್ ಗುಜಾರ್ಡಿ ಜೋಡಿಸಿದ್ದು. ಪುಸ್ತಕ ಬಂದದ್ದು 2002ರಲ್ಲಿ. ಈ ಕಥೆ ಅವರ ಬಾಹ್ಯಾಕಾಶದ ಹಾಸ್ಯ ಕಾದಂಬರಿಗಳ ‘ಹಿಚ್‌ಹೈಕರ್’ ಸರಣಿಗೇ ಜಾಸ್ತಿ ಒಪ್ಪಬಹುದು ಅಂತ ಸ್ವತಃ ಆಡಮ್ಸ್‌ಗೂ ಅನಿಸಿತ್ತಂತೆ.

ಲೇಖನಗಳನ್ನು ಮಾತ್ರ ಮನಸ್ಸು ಬಂದಲ್ಲಿ ತೆರೆದು ಓದಿ. ಘೇಂಡಾಮೃಗಗಳನ್ನು ಉಳಿಸಲು ಹಣ ಕೂಡಿಸೋಕೆ ಅದೇ ಪ್ರಾಣಿಯ ವೇಷ ಹೊತ್ತು ಕಿಲಿಮಂಜಾರೋ ಕಡೆಗೆ ನಡೆದ ಬರಹವನ್ನಂತೂ ನಾನು ಎರಡು ಸಲ ಓದಿದೆ.