ಸಹಾಯ ಬೇಕು: ಡಗ್ಲಸ್ ಮನೆತನದ ವಂಶವೃಕ್ಷ
ಸ್ಕಾಟ್ಲೆಂಡಿನ ಡಗ್ಲಸ್ ಮನೆತನದ ವಂಶವೃಕ್ಷವನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದು, 1388ರ ಕವಲಿನಲ್ಲಿ ಸಿಕ್ಕಿಕೊಂಡಿದ್ದೇನೆ. ಆ ವರ್ಷ ಮನೆತನದ ಎರಡನೆಯ ಅರ್ಲ್ (ಅರ್ಲ್ ಎಂದರೆ ಶ್ರೀಮಂತವರ್ಗದ ಒಂದು ಪದವಿ) ಜೇಮ್ಸ್ ಆಟರ್‌ಬರ್ನ್ ಕಾಳಗದಲ್ಲಿ ಮಡಿದಾಗ, ಡೀ ನದಿಯ ನಡುಗಡ್ಡೆಯ ಮೇಲೆ ಥ್ರೀವ್ ಕೋಟೆಯನ್ನು ಕಟ್ಟಿಸಿದ ಆರ್ಚಿಬಾಲ್ಡ್ ಅರ್ಲ್ ಪದವಿಗೇರಿದನು. ಈತ ಜೇಮ್ಸನ ತಂದೆಗೆ ದೊಡ್ಡಪ್ಪನ ಮಗನಾಗಬೇಕು. ಆದರೆ ವಿವಾಹೇತರ ಸಂತಾನ. ‘ಕಸಿನ್’ ಎಂಬ ಒಂದೇ ಪದದಲ್ಲಿ ಇಂಗ್ಲಿಷಿನವರು ಮುಗಿಸಿಬಿಡುವ ಈ ನಂಟನ್ನು ನಾವು ಬಿಡಿಸಿ ಹೇಳಬಹುದೆಂಬುದೇ ನನಗೆ ಸಂತೋಷ. ನಕ್ಷೆಯಲ್ಲಿ ಇಂತಹ ಸಂತತಿಯನ್ನು ಚುಕ್ಕಿಗೆರೆಯಿಂದ ತೋರಿಸುವುದೇ ವಾಡಿಕೆಯೇ, ಮತ್ತು ಅದಕ್ಕೆ ಹೀನಾರ್ಥವಿಲ್ಲದ ಕನ್ನಡ ಪದ ಯಾವುದು? ಜೊತೆಗೆ, 1455ರಲ್ಲಿ ಸ್ಕಾಟ್ಲೆಂಡಿನ ದೊರೆ ಎರಡನೆಯ ಜೇಮ್ಸ್ ಮುತ್ತಿಗೆ ಹಾಕಿಸಿದ ಆ ಥ್ರೀವ್ ಕೋಟೆಯನ್ನು ನೋಡಿ ಬಂದವರು ತಮ್ಮಲ್ಲಿರುವ ಛಾಯಾಚಿತ್ರಗಳನ್ನು, ವಿಶೇಷವಾಗಿ ಗೋಪುರದ್ದನ್ನು, ಹಂಚಿಕೊಳ್ಳಬೇಕೆಂದು ಕೋರುತ್ತೇನೆ.