ಡೇಕೇರ್‌ಗೆ ಹನ್ನೆರಡು ದೇಶದ ಗೊಂಬೆ ಬೇಕಾ? ತಜ್ಞರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಡೇಕೇರ್ ನಡೆಸುವವರು, ದಾವಣಗೆರೆ): ಮೇಡಂ, ವಿನೋಬನಗರದ ಹತ್ತಿರ ಮನೆಯ ಕೆಳಗೇ ಡೇಕೇರ್ ನಡೆಸುತ್ತಿದ್ದೇನೆ. ಒಂದೂವರೆ ವರ್ಷದಿಂದ ಐದು ವರ್ಷದವರೆಗಿನ 22 ಮಕ್ಕಳಿದ್ದಾರೆ. ಕನ್ನಡದವರು, ಉರ್ದು ಮಾತಾಡುವವರು, ಲಂಬಾಣಿ ಮನೆಯವರು ಇದ್ದಾರೆ. ಮೆಡಿಕಲ್ ಕಾಲೇಜಿನಲ್ಲಿ ಪಿಜಿ ಓದುತ್ತಿರುವ ಕೇರಳದ ಡಾಕ್ಟರ್ ದಂಪತಿಯ ಮಗಳಿದ್ದಾಳೆ. ಪಕ್ಕದ ಅಪಾರ್ಟ್‌ಮೆಂಟ್ ವಾಚ್‌ಮನ್ ಮಗ ನೇಪಾಳದವನು. ಈ ವರ್ಷ ಆಟಿಕೆಗೆ ₹15,000 ತೆಗೆದಿಟ್ಟಿದ್ದೇನೆ. ಸೇಲ್ಸ್‌ನವರೊಬ್ಬರು ‘ಬಹುಸಂಸ್ಕೃತಿ ಕಿಟ್’ ಅಂತ ತೋರಿಸಿದರು. ಹನ್ನೆರಡು ದೇಶದ ಗೊಂಬೆ, ಬಾವುಟಗಳು, ಭೂಪಟದ ಪಜಲ್. ದುಡ್ಡೆಲ್ಲ ಅದಕ್ಕೇ ಆಗುತ್ತದೆ. ನೋಡಲು ಚೆನ್ನಾಗಿದೆ, ಪೋಷಕರಿಗೂ ಹಿಡಿಸಬಹುದು. ತಗೊಳ್ಳಲಾ?

ಉತ್ತರ (ಶಿಶು ಶಿಕ್ಷಣ ತರಬೇತುದಾರರು): ತಗೋಬೇಡಿ. ಆ ಗೊಂಬೆಗಳು ಶೋಕೇಸಿಗೆ ಸರಿ, ಮಕ್ಕಳ ಕೈಗಲ್ಲ. ಜಪಾನ್ ಅಂದರೆ ಕಿಮೋನೊ, ಆಫ್ರಿಕಾ ಅಂದರೆ ಹುಲ್ಲಿನ ಲಂಗ, ಇಂಡಿಯಾ ಅಂದರೆ ಬಿಂದಿಗೆ ಹೊತ್ತ ಹೆಂಗಸು. ಅವು ಕಲಿಸುವುದು ಇಷ್ಟೇ. ಐವತ್ತಕ್ಕೂ ಜಾಸ್ತಿ ದೇಶಗಳಿರುವ ಆಫ್ರಿಕಾ ಖಂಡಕ್ಕೆ ಇಂಥ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಒಂದೇ ಗೊಂಬೆ! ಮೂರು ವರ್ಷದ ಮಗುವಿಗೆ ಬಾವುಟ ಅಂದರೆ ಬಣ್ಣದ ಬಟ್ಟೆ. ದೇಶ, ಗಡಿ ಯಾವುದೂ ಅದಕ್ಕೆ ತಿಳಿಯುವುದಿಲ್ಲ. ನಮ್ಮನೆ, ಅವರ ಮನೆ ಅನ್ನುವುದು ಮಾತ್ರ ಚೆನ್ನಾಗಿ ಗೊತ್ತು.

ಆದ್ದರಿಂದ ಕ್ಯಾಟಲಾಗ್ ಮುಚ್ಚಿಟ್ಟು ಹಾಜರಿ ಪುಸ್ತಕ ತೆಗೆಯಿರಿ. ಒಂದೊಂದು ಹೆಸರಿನ ಮುಂದೆಯೂ ಬರೆದುಕೊಳ್ಳಿ: ಮನೆಯಲ್ಲಿ ಯಾವ ಮಾತು, ರಾತ್ರಿ ಊಟಕ್ಕೆ ಏನು, ಮಲಗಿಸುವಾಗ ಯಾರು ಏನು ಹಾಡುತ್ತಾರೆ, ಅಜ್ಜಿ ಏನು ಉಡುತ್ತಾರೆ, ಅಪ್ಪ ಅಮ್ಮ ಏನು ಕೆಲಸಕ್ಕೆ ಹೋಗುತ್ತಾರೆ. ಗೊತ್ತಿಲ್ಲದಿದ್ದರೆ ಸಂಜೆ ಮಗುವನ್ನು ಕರೆದೊಯ್ಯಲು ಬಂದಾಗ ಸುಮ್ನೆ ಮಾತಾಡಿಸುತ್ತಾ ಕೇಳಿ. ನಿಮ್ಮ ಖರೀದಿ ಪಟ್ಟಿ ಅಲ್ಲೇ ಸಿಗುತ್ತದೆ.

ಮೊದಲ ದುಡ್ಡು ಅಡುಗೆ ಆಟಕ್ಕೆ ಹಾಕಿ. ಅಂಗಡಿಯ ಪ್ಲಾಸ್ಟಿಕ್ ಸೆಟ್ಟಿನಲ್ಲಿ ಪಿಜ್ಜಾ, ಬರ್ಗರ್, ಕಾಫಿ ಮಗ್ ಬರುತ್ತವೆ. ಮಕ್ಕಳು ಆಡುವುದು ಮನೆಯಲ್ಲಿ ಕಂಡದ್ದನ್ನು. ರೊಟ್ಟಿ ತಟ್ಟುತ್ತಾರೆ, ಮುದ್ದೆ ತಿರುವುತ್ತಾರೆ, ದೋಸೆ ಹುಯ್ಯುತ್ತಾರೆ. ಪಾತ್ರೆ ಅಂಗಡಿಗೆ ಹೋಗಿ ಸಣ್ಣ ಹೆಂಚು, ಲಟ್ಟಣಿಗೆ, ಮುದ್ದೆ ಕೋಲು, ಮೊರ, ಪುಟ್ಟು ಬೇಯಿಸುವ ಕೊಳವೆ, ಎರಡು ಸಣ್ಣ ಬೋಗುಣಿ, ಒಂದು ಇಡ್ಲಿ ತಟ್ಟೆ ತನ್ನಿ. ನಿಜವಾದ ಸ್ಟೀಲ್, ನಿಜವಾದ ಮರ. ಅಂಚು ಚೂಪಾಗಿಲ್ಲವೇ ಅಂತ ಬೆರಳಾಡಿಸಿ ನೋಡಿ. ಜೊತೆಗೆ ಗೋಧಿ ಹಿಟ್ಟಿನ ಉಂಡೆ ಸಾಕು.

ಹೀಗೆ ಜೋಡಿಸಿದ ಒಂದು ಮೂಲೆಯಲ್ಲಿ ನಾನು ನೋಡಿದ್ದು ಹೇಳುತ್ತೇನೆ. ಒಬ್ಬ ಹುಡುಗ ಹಿಟ್ಟನ್ನು ತಟ್ಟಿ, ಅಂಚನ್ನೆಲ್ಲ ಮೇಲೆ ಸೇರಿಸಿ ಚಿವುಟುತ್ತಿದ್ದ. ಎದುರಿಗೆ ಕೂತವಳು ‘ಕಡುಬಾ?’ ಅಂದಳು. ‘ಮೊಮೊ’ ಅಂದ. ‘ಒಳಗೆ ಕಾಯಿ ಬೆಲ್ಲ ಹಾಕಿದ್ಯಾ?’ ‘ಇಲ್ಲ, ಕೋಸು.’ ಅವಳು ಸ್ವಲ್ಪ ಯೋಚನೆ ಮಾಡಿ, ‘ನಂಗೂ ಒಂದು ಕೊಡು’ ಅಂದಳು. ಈ ಮಾತುಕತೆ ಯಾವ ಕಿಟ್ಟಿನಿಂದಲೂ ಹುಟ್ಟುವುದಿಲ್ಲ.

ಕಟ್ಟುವ ಆಟಕ್ಕೆ ಚನ್ನಪಟ್ಟಣದ ಮರದ ಸಾಮಾನು ಒಳ್ಳೆಯದು. ಹಾಲೆ ಮರ, ಅರಗಿನ ಬಣ್ಣ. ಕೈಗೆ ನುಣುಪಾಗಿರುತ್ತದೆ, ವರ್ಷಗಟ್ಟಲೆ ಬರುತ್ತದೆ. ತಮಾಷೆ ಅಂದರೆ ಅದೇ ಒಂದು ಬಹುಸಂಸ್ಕೃತಿ ಆಟಿಕೆ. ಪರ್ಷಿಯಾದ ಕುಶಲಕರ್ಮಿಗಳನ್ನು ಟಿಪ್ಪು ಕರೆಸಿದ ಅಂತ ಅಲ್ಲಿಯವರು ಹೇಳುತ್ತಾರೆ. ಆಮೇಲೆ ಬಾವಾಸ್ ಮಿಯಾನ್ ಅವರು ಜಪಾನಿನ ಅರಗಿನ ಗೊಂಬೆಯ ವಿದ್ಯೆಯನ್ನು ಈ ಕಸುಬಿಗೆ ತಂದರು. ನಾವು ಅದನ್ನು ‘ಅಪ್ಪಟ ನಮ್ಮೂರಿನದು’ ಅಂತೀವಿ, ಅದೂ ಸರಿಯೇ.

ನಾಲ್ಕು ದಾಟಿದವರಿಗೆ ಒಂದು ಅಳಗುಳಿ ಮನೆ ಇಡಿ. ತಮಿಳರ ಮನೆಯಲ್ಲಿ ಇದೇ ಪಲ್ಲಾಂಗುಳಿ. ಘಾನಾ ದೇಶದಲ್ಲಿ ಇದೇ ಜಾತಿಯ ಆಟ ‘ಒವಾರೆ’. ಗುಳಿಯಿಂದ ಬೀಜ ತೆಗೆದು ಒಂದೊಂದಾಗಿ ಹಂಚುತ್ತಾ ಹೋಗುವುದು ಎಲ್ಲ ಕಡೆಯೂ ಒಂದೇ. ಎಣಿಕೆಯೂ ಬರುತ್ತದೆ. ಆದರೆ ಹುಣಸೆ ಬೀಜ, ಕವಡೆ ಸಣ್ಣ ಮಕ್ಕಳ ಕೈಗೆ ಸಿಗಬಾರದು. ಬಾಯಿಗೆ, ಮೂಗಿಗೆ ಹಾಕಿಕೊಳ್ಳುತ್ತಾರೆ. ಆಡುವಾಗ ದೊಡ್ಡವರೊಬ್ಬರು ಪಕ್ಕದಲ್ಲಿರಲಿ, ಮುಗಿದ ಮೇಲೆ ಎಣಿಸಿ ಎತ್ತಿಡಿ.

ಪುಸ್ತಕಕ್ಕೆ ಜಾಸ್ತಿ ಖರ್ಚು ಬೇಡ. ಸ್ಟೋರಿವೀವರ್ ತಾಣದಲ್ಲಿ ಕನ್ನಡ, ಉರ್ದು, ಮಲಯಾಳಂ, ನೇಪಾಳಿ ಕಥೆಗಳು ಉಚಿತವಾಗಿವೆ. ಒಂದೇ ಕಥೆ ಎರಡು ಭಾಷೆಯಲ್ಲಿ ಸಿಕ್ಕರೆ ಮುದ್ರಿಸಿಕೊಳ್ಳಿ. ಒಂದನ್ನು ನೀವು ಓದಿ, ಇನ್ನೊಂದನ್ನು ಆ ಮಗುವಿನ ಅಮ್ಮನ ಕೈಲಿ ಓದಿಸಿ.

ಪ್ರಶ್ನೆ (ಅವರೇ): ಥ್ಯಾಂಕ್ಸ್ ಮೇಡಂ. ಇನ್ನೊಂದು ವಿಷಯ ಹೇಳಲು ಸಂಕೋಚ. ನಮ್ಮಲ್ಲಿರುವ ಗೊಂಬೆಗಳೆಲ್ಲ ಗುಲಾಬಿ ಮೈ, ಹಳದಿ ಕೂದಲು. ಒಂದು ಕಂದು ಗೊಂಬೆ ತಂದೆ. ನಾಲ್ಕು ವರ್ಷದ ಹುಡುಗಿ ‘ಕರಿ ಗೊಂಬೆ ಬೇಡ, ಅದು ಗಲೀಜು’ ಅಂತ ಎಸೆದಳು. ಅವಳ ಮೈಬಣ್ಣವೂ ಅದೇ! ಬೈಯಲೂ ಆಗಲಿಲ್ಲ.

ಉತ್ತರ: ಬೈಯದೇ ಇದ್ದದ್ದು ಒಳ್ಳೆಯದಾಯಿತು. ಅಮೆರಿಕದಲ್ಲಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ಎಂಬ ಮನೋವಿಜ್ಞಾನಿ ದಂಪತಿ 1940ರ ಹೊತ್ತಿನಲ್ಲಿ ಇದನ್ನೇ ನೋಡಿದ್ದರು. ಕಪ್ಪು ಮಕ್ಕಳ ಮುಂದೆ ಬಿಳಿ ಗೊಂಬೆ, ಕಂದು ಗೊಂಬೆ ಎರಡನ್ನೂ ಇಟ್ಟು ‘ಒಳ್ಳೆಯದು ಯಾವುದು’ ಅಂತ ಕೇಳಿದಾಗ ಹೆಚ್ಚಿನವರು ಬಿಳಿಯದನ್ನೇ ತೋರಿಸಿದರು. ಶಾಲೆಗಳಲ್ಲಿ ಕಪ್ಪು, ಬಿಳಿ ಮಕ್ಕಳನ್ನು ಬೇರೆ ಬೇರೆ ಕೂರಿಸುವುದು ಕಾನೂನುಬಾಹಿರ ಅಂತ 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ ಈ ಕೆಲಸವನ್ನೂ ಉಲ್ಲೇಖಿಸಿತ್ತು. ನಮ್ಮಲ್ಲಿ ಇದನ್ನು ಕಲಿಸಲು ಬೇರೆ ಯಾರೂ ಬೇಕಿಲ್ಲ. ಕೂಸು ಹುಟ್ಟಿದ ದಿನವೇ ‘ಬಣ್ಣ ಹೇಗಿದೆ?’ ಅಂತ ಕೇಳುತ್ತೇವೆ, ಅಲ್ವಾ?

ಆ ಕ್ಷಣದಲ್ಲಿ ಭಾಷಣ ಬೇಡ. ಗೊಂಬೆಯನ್ನು ಎತ್ತಿಕೊಂಡು, ‘ಗಲೀಜಿಲ್ಲ, ನೋಡು, ಒರೆಸಿದರೂ ಹೋಗಲ್ಲ. ಇದರ ಮೈಬಣ್ಣವೇ ಹೀಗೆ, ನನ್ನ ಕೈ ಥರ’ ಅಂತ ನಿಮ್ಮ ಕೈ ಪಕ್ಕದಲ್ಲಿ ಹಿಡಿಯಿರಿ. ಅಷ್ಟು ಸಾಕು. ಆಮೇಲೆ ಆ ಗೊಂಬೆಯನ್ನು ನೀವೇ ಆಟಕ್ಕೆ ಸೇರಿಸಿಕೊಳ್ಳಿ. ಅದಕ್ಕೂ ಜ್ವರ ಬರಲಿ, ಅದಕ್ಕೂ ಸ್ನಾನ ಆಗಲಿ, ಡಾಕ್ಟರ್ ಆಟದಲ್ಲಿ ಅದೇ ಡಾಕ್ಟರ್ ಆಗಲಿ. ಕೆಲಸದವಳ ಪಾತ್ರ ಮಾತ್ರ ಯಾವಾಗಲೂ ಅದಕ್ಕೇ ಸಿಗದ ಹಾಗೆ ನೋಡಿಕೊಳ್ಳಿ.

ಒಂದೇ ಕಂದು ಗೊಂಬೆ ಇದ್ದರೆ ಅದು ಒಂಟಿಯಾಗುತ್ತದೆ. ಹತ್ತಿರದ ಟೈಲರ್ ಕೈಲಿ ಐದಾರು ಬಟ್ಟೆ ಗೊಂಬೆ ಹೊಲಿಸಿ. ಗೋಧಿ ಬಣ್ಣ, ಬೆಲ್ಲದ ಬಣ್ಣ, ಕಾಫಿ ಪುಡಿ ಬಣ್ಣ, ಕಡುಗಪ್ಪು. ಒಂದಕ್ಕೆ ಗುಂಗುರು ಕೂದಲಿರಲಿ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿಗಳ ಪೂರ್ವಜರು ಆಫ್ರಿಕಾದಿಂದ ಬಂದವರು. ಹಾಗಾಗಿ ಆ ಗೊಂಬೆಯೂ ನಮ್ಮ ರಾಜ್ಯದ್ದೇ. ಇನ್ನೊಂದಕ್ಕೆ ಕನ್ನಡಕ ಹಾಕಿ. ಕಣ್ಣಿಗೆ ಗುಂಡಿ ಬೇಡ, ದಾರದಲ್ಲೇ ಹೊಲಿಯಲಿ. ಕೂದಲಿನ ಉಣ್ಣೆಯನ್ನು ಅಂಟಿಸಬಾರದು, ತಲೆಗೆ ಸೇರಿಸಿ ಹೊಲಿಯಬೇಕು. ಬಟ್ಟೆ ಮಾಮೂಲಿ ಅಂಗಿ, ಚಡ್ಡಿ, ಲಂಗ ಇರಲಿ. ಲಂಬಾಣಿ ಮಗುವೂ ದಿನಾ ಫ್ರಾಕ್ ಹಾಕಿಕೊಂಡೇ ಬರುತ್ತದೆ. ಅಜ್ಜಿ ಗೊಂಬೆಗೆ ಬೇಕಾದರೆ ಲಂಬಾಣಿ ಪೇಟಿಯಾ (ಲಂಗ), ಕಾಂಚಳಿ (ರವಿಕೆ) ಹೊಲಿಸಿ. ಅದನ್ನು ಆ ಮನೆಯವರ ಕೈಲೇ ಹೊಲಿಸಿದರೆ ಇನ್ನೂ ಚೆಂದ. ಕನ್ನಡಿ ಚೂರು, ಕವಡೆ ಇರುವುದಾದರೆ ಮಕ್ಕಳ ಕೈಗೆ ಎಟುಕದ ಗೋಡೆಗೆ ಹಾಕಿ.

ಕ್ರೆಯಾನ್ ಡಬ್ಬಿಯನ್ನೂ ಒಮ್ಮೆ ನೋಡಿ. ತಿಳಿ ಗುಲಾಬಿ ಕಡ್ಡಿಯನ್ನು ಇವತ್ತಿಗೂ ನಮ್ಮ ಮಕ್ಕಳು ‘ಸ್ಕಿನ್ ಕಲರ್’ ಅಂತಲೇ ಕೇಳುತ್ತಾರೆ. ಕ್ರೆಯೋಲಾ ಕಂಪನಿ 1962ರಲ್ಲೇ ಆ ಥರದ ಹೆಸರನ್ನು ಬಿಟ್ಟುಬಿಟ್ಟಿತು. ಮಕ್ಕಳಿಗೆ ಕೆಂಪು, ಹಳದಿ, ನೀಲಿ, ಬಿಳಿ ಪೋಸ್ಟರ್ ಬಣ್ಣ ಕೊಟ್ಟು ಅವರವರ ಕೈಬಣ್ಣ ಕಲಸಿಸಿ. ಯಾರಿಗೂ ಡಬ್ಬಿಯ ಗುಲಾಬಿ ಬರುವುದಿಲ್ಲ. ಎಲ್ಲರಿಗೂ ಬರುವುದು ಒಂದಲ್ಲ ಒಂದು ಕಂದು.

ಪ್ರಶ್ನೆ (‘ಕೂಸಿನ ಮನೆ’ ಎಂಬ ಪಂಚಾಯಿತಿ ಶಿಶುಪಾಲನಾ ಕೇಂದ್ರದ ಕೇರ್‌ಟೇಕರ್, ಮೊಳಕಾಲ್ಮುರು ಕಡೆಯವರು): ನಮ್ಮಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವವರ ಸಣ್ಣ ಕೂಸುಗಳು. ಅರ್ಧ ಮಕ್ಕಳ ಮನೆಯಲ್ಲಿ ತೆಲುಗು. ಕೊಳ್ಳಲು ದುಡ್ಡಿಲ್ಲ. ಏನು ಮಾಡೋದು?

ಉತ್ತರ: ನಿಮಗೆ ಕೊಳ್ಳುವ ಅಗತ್ಯವೇ ಕಡಿಮೆ. ಆ ವಯಸ್ಸಿಗೆ ದೊಡ್ಡ ಆಟಿಕೆ ಅಂದರೆ ದನಿ. ತಾಯಂದಿರ, ಅಜ್ಜಿಯರ ಜೋಗುಳವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ತೆಲುಗಿನವರದ್ದು ತೆಲುಗಿನಲ್ಲೇ ಇರಲಿ. ಮಗು ಅತ್ತಾಗ ಅದನ್ನೇ ಹಾಕಿ. ಹಸಿವು, ನೀರು, ನಿದ್ದೆ, ಅಮ್ಮ ಬರ್ತಾಳೆ ಅನ್ನುವಷ್ಟನ್ನು ನೀವೂ ತೆಲುಗಿನಲ್ಲಿ ಕಲಿತುಬಿಡಿ.

ಮುಟ್ಟಿ ಆಡಲು ನಿಮ್ಮ ಕಡೆ ಇರುವಷ್ಟು ಬಟ್ಟೆ ಬೇರೆಲ್ಲಿದೆ? ಮೊಳಕಾಲ್ಮುರಿನ ಮಗ್ಗದ ಮನೆಗಳಲ್ಲಿ ರೇಷ್ಮೆ ತುಂಡು ಸಿಗುತ್ತದೆ. ಚಳ್ಳಕೆರೆ ಕಡೆಯಿಂದ ಕರಿ ಕಂಬಳಿಯ ತುಂಡು ತರಿಸಿ. ಒಂದು ಜಾರುತ್ತದೆ, ಇನ್ನೊಂದು ಚುಚ್ಚುತ್ತದೆ. ಹತ್ತಿ ಸೀರೆ ತುಂಡಿನ ಜೊತೆ ಸೇರಿಸಿ ಒಂದು ಚಾಪೆಯಷ್ಟು ಕೌದಿ ಹೊಲಿದು ಹಾಸಿ. ಕೂಸುಗಳು ಅದರ ಮೇಲೆ ಅಂಬೆಗಾಲಿಡಲಿ. ಅಂಚು ಗಟ್ಟಿ ಹೊಲಿಗೆ ಇರಲಿ. ಸಡಿಲ ದಾರ ಒಂದು ಗೇಣಿನಷ್ಟು ಉದ್ದವಿದ್ದರೂ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ, ಕತ್ತರಿಸಿಬಿಡಿ.

ಪ್ರಶ್ನೆ (ಪೋಷಕರು, ಹರಿಹರ): ನನ್ನದು ನೇರ ಪ್ರಶ್ನೆ. ಸಂಸ್ಕೃತಿ ಅಂತ ಶುರು ಮಾಡಿ ಡೇಕೇರ್‌ನಲ್ಲಿ ಧರ್ಮ ತರೋದು ಬೇಕಾ? ಜಗಳ ಆಗಲ್ವಾ?

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಪೂಜೆ, ನಮಾಜು, ಪ್ರಾರ್ಥನೆ ಕಲಿಸುವುದು ಡೇಕೇರ್ ಕೆಲಸವಲ್ಲ. ಪೂಜೆಯ ವಸ್ತುವನ್ನು ಆಟದ ಬುಟ್ಟಿಗೆ ಹಾಕುವುದೂ ತಪ್ಪು. ಜಪಮಣಿ, ಶಿಲುಬೆ, ಲಿಂಗ, ಮೊಹರಮ್ಮಿನ ಪಂಜಾ ಯಾವುದೂ ಆಟಿಕೆಯಲ್ಲ. ಆದರೆ ಹಬ್ಬದ ಊಟ, ಹೊಸ ಬಟ್ಟೆ, ಸಂಭ್ರಮ ಎಲ್ಲರ ಮನೆಯಲ್ಲೂ ಇದೆ. ರಂಜಾನ್ ಆದ ಮೇಲೆ ಸುರಕುಂಬಾ, ಯುಗಾದಿಗೆ ಹೋಳಿಗೆ ಓಣಿಯಲ್ಲಿ ಅತ್ತಿಂದಿತ್ತ ಹೋಗಿಯೇ ಹೋಗುತ್ತವೆ. ಅದೇ ಮಾತು ಡೇಕೇರಿನಲ್ಲೂ ಬಂದರೆ ಹೊಸದೇನೂ ಅಲ್ಲ. ನಿಮ್ಮ ಊರಿನ ದೇವಸ್ಥಾನದಲ್ಲಿ ಹರಿ, ಹರ ಇಬ್ಬರೂ ಒಂದೇ ವಿಗ್ರಹದಲ್ಲಿದ್ದಾರೆ, ಅದೇ ಊರಲ್ಲಿ ಆರೋಗ್ಯ ಮಾತೆಯ ಬೆಸಿಲಿಕಾ ಇದೆ. ನಿಮಗೆ ನಾನು ಇದನ್ನು ಹೇಳಬೇಕಿಲ್ಲ ಬಿಡಿ.

ಜಗಳ ಆಗುವುದು ಸಾಮಾನ್ಯವಾಗಿ ಮುಚ್ಚಿಟ್ಟಾಗ. ವರ್ಷದ ಶುರುವಿನಲ್ಲೇ ಪೋಷಕರನ್ನು ಕೂರಿಸಿ ಆಟಿಕೆಗಳನ್ನು ಮುಟ್ಟಿ ನೋಡಲು ಬಿಡಬೇಕು. ಊಟದ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು: ಯಾರ ಮಗುವಿಗೂ ಮನೆಯವರನ್ನು ಕೇಳದೆ ಬೇರೆ ತಿಂಡಿ ತಿನ್ನಿಸಬಾರದು. ಅಲರ್ಜಿಯೂ ಇರುತ್ತದೆ, ನೇಮವೂ ಇರುತ್ತದೆ.

ಪ್ರಶ್ನೆ (ಅಂಗನವಾಡಿ ಸಹಾಯಕಿ, ಚಿತ್ರದುರ್ಗ): ಜಾತ್ರೆಯಲ್ಲಿ ಸಿಗುವ ಬಣ್ಣದ ಗೊಂಬೆ, ಗಿಲಕಿ ತರಬಹುದಾ? ಐಎಸ್‌ಐ ಇಲ್ಲದ್ದು ತರಬಾರದು ಅಂತಾರೆ.

ಉತ್ತರ: 2021ರ ಜನವರಿ 1ರಿಂದ ದೇಶದಲ್ಲಿ ಮಾರುವ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಇಲಾಖೆಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ಮಾಡಿ ಮಾರುವ ಆಟಿಕೆಗೆ ವಿನಾಯಿತಿ ಇದೆ. ಜಿಐ (ಭೌಗೋಳಿಕ ಸೂಚಕ, ಅಂದರೆ ಇಂಥ ಊರಿನದೇ ಅನ್ನುವ) ಗುರುತಿರುವ ಆಟಿಕೆಗೂ ಇದೆ, ಅಧಿಕೃತ ತಯಾರಕರು ಮಾಡಿದ್ದರೆ. ಚನ್ನಪಟ್ಟಣ, ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳಿಗೆ ಜಿಐ ಇದೆ. ಹಾಗಾಗಿ ಮಾರುವವರು ಯಾರು, ಎಲ್ಲಿ ಮಾಡಿಸಿದ್ದು ಅಂತ ಕೇಳಿ. ಹೇಳಲು ತಡಬಡಿಸಿದರೆ ಬಿಟ್ಟು ಬನ್ನಿ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಬಣ್ಣ ಬಿಟ್ಟರೆ ಬೇಡ.

ಮೂರು ವರ್ಷದೊಳಗಿನವರಿಗೆ ಗಾತ್ರವೇ ಮುಖ್ಯ. ಆಟಿಕೆಯ ಸುರಕ್ಷತೆ ಪರೀಕ್ಷೆಗೆ ಬಳಸುವ ಕೊಳವೆಯ ಅಗಲ ಸುಮಾರು 3.2 ಸೆಂ.ಮೀ. ಅದರೊಳಗೆ ಪೂರ್ತಿ ಇಳಿಯುವ ವಸ್ತು ಗಂಟಲಲ್ಲಿ ಸಿಕ್ಕಬಹುದು. ನೀರಿನ ಬಾಟಲಿಯ ಮುಚ್ಚಳವೂ ಅದಕ್ಕಿಂತ ಚಿಕ್ಕದು. ಗಿಲಕಿ ಒಡೆದರೆ ಒಳಗಿನ ಕಾಳು ಚೆಲ್ಲುತ್ತದೆ, ಅದಕ್ಕೇ ಜಾತ್ರೆಯ ತಗಡಿನ ಗಿಲಕಿ ನನಗೆ ಇಷ್ಟವಿಲ್ಲ. ಬುಗುರಿ ದೊಡ್ಡ ಮಕ್ಕಳಿಗಿರಲಿ.

ಪ್ರಶ್ನೆ (ಡೇಕೇರ್ ನಡೆಸುವವರು, ದಾವಣಗೆರೆ): ಕಿಟ್ ಬೇಡ ಅಂತ ಹೇಳಿಬಿಟ್ಟೆ. ಲಂಬಾಣಿ ಹುಡುಗನ ಅಜ್ಜಿ ಗೊಂಬೆಯ ಬಟ್ಟೆ ಹೊಲಿದುಕೊಡಲು ಒಪ್ಪಿದ್ದಾರೆ, ದುಡ್ಡು ಬೇಡ ಅಂದರು. ಕಂದು ಬಟ್ಟೆ ಯಾವುದು ತರಲಿ?

ಉತ್ತರ: ದುಡ್ಡು ಕೊಡಿ. ಟೈಲರಿಗೆ ಕೊಡುವ ಲೆಕ್ಕದಲ್ಲೇ ಕೊಡಿ, ಅದು ಅವರ ಕಸುಬು. ಗೊಂಬೆಯ ಮೈಗೆ ಕಾಟನ್ ಪಾಪ್ಲಿನ್ ತನ್ನಿ, ಸಿಂಥೆಟಿಕ್ ಬೇಡ. ಕತ್ತರಿಸುವ ಮೊದಲೇ ನೀರಲ್ಲಿ ಒಂದು ರಾತ್ರಿ ನೆನೆಹಾಕಿ ಒಗೆಯಿರಿ. ಕಡು ಕಂದು ಬಣ್ಣ ಬಿಡುತ್ತದೆ, ಎರಡು ಮೂರು ಸಲ ಒಗೆಯಬೇಕಾಗಬಹುದು. ಒಳಗೆ ಹೊಸ ಹತ್ತಿ ತುಂಬಿಸಿ, ಹಳೇ ದಿಂಬಿನದು ಬೇಡ. ಬೆನ್ನಲ್ಲಿ ಸಣ್ಣ ಹೊಲಿಗೆ ಬಿಟ್ಟುಕೊಂಡಿದ್ದರೆ ಹತ್ತಿ ತೆಗೆದು ಒಗೆದು ಮತ್ತೆ ತುಂಬಬಹುದು.